ಎಷ್ಟು ಸೆಂಟಿನ ಹರಳು?

ನಿಶ್ಚಿತಾರ್ಥಕ್ಕೆ ವಜ್ರದ ಉಂಗುರವೇ ಆಗಬೇಕೆಂದು ಮೊದಲು ಹೇಳಿದವರು ಯಾರೋ ಈಗ ನೆನಪಿಲ್ಲ. ಹುಡುಗಿ ಹೇಳಿರಲಿಲ್ಲ. ಚನ್ನಗಿರಿಯ ಅವಳ ಮನೆಯವರೂ ಬಾಯಿಬಿಟ್ಟು ಕೇಳಿರಲಿಲ್ಲ. ಆದರೂ ಹೊನ್ನಾಳಿಯಲ್ಲಿ ನನ್ನ ಜೊತೆ ಪಾಠ ಮಾಡುವವರಿಂದ ಹಿಡಿದು ಕಟಿಂಗ್ ಅಂಗಡಿಯವನವರೆಗೆ ಎಲ್ಲರೂ ‘ಡೈಮಂಡ್ ರಿಂಗ್ ತಗೊಂಡ್ರಾ ಸಾರ್?’ ಎಂದು ವಿಚಾರಿಸುವಷ್ಟರಲ್ಲಿ ಅದು ತೀರ್ಮಾನವಾಗಿಬಿಟ್ಟಿತ್ತು. ನಾನು ಅತಿಥಿ ಉಪನ್ಯಾಸಕ. ಕೈಯಲ್ಲಿದ್ದದ್ದು 40 ಸಾವಿರ ರೂಪಾಯಿ.

ಜಗಳೂರಿನ ನಮ್ಮ ಮನೆಯಲ್ಲಿ ಒಡವೆಗೆ ಇರುವ ಅರ್ಥವೇ ಬೇರೆ. ಮಳೆ ಕೈಕೊಟ್ಟ ವರ್ಷ ಅವ್ವನ ಬೆಂಡೋಲೆ ಬ್ಯಾಂಕಿಗೆ ಹೋಗುತ್ತಿತ್ತು. ಈರುಳ್ಳಿಗೋ ಮೆಕ್ಕೆಜೋಳಕ್ಕೋ ಬೆಲೆ ಸಿಕ್ಕ ವರ್ಷ ಮನೆಗೆ ಬರುತ್ತಿತ್ತು. ಎರಡು ಬೋರು, ಅಕ್ಕನ ಬಾಣಂತನ, ನನ್ನ ಎಂ.ಎ. ಎಲ್ಲವನ್ನೂ ದಾಟಿಸಿದ್ದು ಆ ಓಲೆಗಳೇ. ವಜ್ರದ ಸುದ್ದಿ ಹೇಳಿದಾಗ ಅವ್ವ ಕೇಳಿದ್ದು ಒಂದೇ ಮಾತು: ‘ಅಡ ಇಡಾಕೆ ಬರ್ತೈತೇನೋ?’

ಬರುವುದಿಲ್ಲ. ಚಿನ್ನದ ಮೇಲೆ ಸಾಲ ಕೊಡುವ ಬ್ಯಾಂಕು ಹರಳಿನ ತೂಕ ಕಳೆದೇ ಲೆಕ್ಕ ಹಾಕುತ್ತದೆ. ‘ಮತ್ಯಾಕೆ ಅದು?’ ಎಂದಳು. ಪಾಠ ಹೇಳಿ ಹೊಟ್ಟೆ ಹೊರೆಯುವ ನನಗೆ ಉತ್ತರ ಹೊಳೆಯಲಿಲ್ಲ.

ನಮ್ಮ ಕಡೆ ನಿಶ್ಚಯವೆಂದರೆ ಎಲೆ ಅಡಿಕೆ ಬದಲಾಯಿಸಿಕೊಳ್ಳುವುದು. ಅಡಿಕೆ ಅಪರೂಪದ ವಸ್ತುವೇನಲ್ಲ, ಚನ್ನಗಿರಿಯಲ್ಲಂತೂ ಕೊಯ್ಲಿನ ಕಾಲಕ್ಕೆ ಅಂಗಳದ ತುಂಬ ಹರವಿರುತ್ತಾರೆ. ಹತ್ತು ಜನರೆದುರು ಆಡಿದ ಮಾತಿನಿಂದಲೇ ಅದಕ್ಕೆ ತೂಕ. ವಜ್ರದ ಉಂಗುರದ್ದು ತಿರುವುಮುರುವು: ಮೊದಲು ಖರ್ಚು ತೋರಿಸು, ಆಮೇಲೆ ಮಾತು ನಂಬುತ್ತೇನೆ ಎನ್ನುತ್ತದೆ. ಈ ಪಾಠ ಕಲಿಸಿದ್ದು ಶಾಸ್ತ್ರವಲ್ಲ, ಜಾಹೀರಾತು. ವಜ್ರವೆಂದರೆ ಎಂದೆಂದಿಗೂ ಎಂಬ ಪ್ರಸಿದ್ಧ ಘೋಷಣೆಯನ್ನು 1947ರಲ್ಲಿ ಡಿ ಬಿಯರ್ಸ್ ಕಂಪನಿಗಾಗಿ ಬರೆದವಳು ಫ್ರಾನ್ಸಿಸ್ ಜೆರೆಟಿ ಎಂಬ ಅಮೆರಿಕದ ಹೆಣ್ಣುಮಗಳು. ಉಂಗುರಕ್ಕೆ ಎರಡು ತಿಂಗಳ ಸಂಬಳ ಹಾಕಬೇಕೆಂಬ ಲೆಕ್ಕವೂ ಮುಂದೆ ಅದೇ ಕಂಪನಿಯ ಜಾಹೀರಾತಿನಲ್ಲೇ ಬಂತು. ಸಂಬಳವೇ ಮೂರು ತಿಂಗಳಿಗೊಮ್ಮೆ ಬರುವ ನಮ್ಮಂಥವರು ಅವರ ಕಣ್ಣಿಗೆ ಬಿದ್ದಿರಲಿಕ್ಕಿಲ್ಲ.

ಹಾಗೆಂದು ಖರ್ಚಿಗೆ ಅರ್ಥವೇ ಇಲ್ಲ ಎನ್ನಲಾರೆ. ಒಂದು ದೀಪಾವಳಿಗೆ ಅಪ್ಪ ತನಗೆ ಅಂಗಿ ಹೊಲಿಸಿಕೊಳ್ಳದೆ ಅವ್ವನಿಗೆ ಸೀರೆ ತಂದಿದ್ದ. ಆ ಸೀರೆ ಏನೋ ಹೇಳಿತ್ತು, ಮನೆಯಲ್ಲಿ ಎಲ್ಲರಿಗೂ ಕೇಳಿಸಿತ್ತು. ಆದರೆ ಅಪ್ಪ ಬಿಟ್ಟುಕೊಟ್ಟದ್ದು ತನ್ನ ಅಂಗಿ. ನ್ಯಾಮತಿಯ ನನ್ನ ಗೆಳೆಯನೊಬ್ಬ ಸಾಲ ತೆಗೆದು ಲಕ್ಷದ ಮೇಲಿನ ಉಂಗುರ ಕೊಂಡ. ಮದುವೆಯಾದ ಮೇಲೆ ಕಂತು ಹೋಗುತ್ತಿರುವುದು ಹೆಂಡತಿಯ ಸಂಬಳದಲ್ಲಿ. ‘ನನ್ನ ಉಂಗುರ ನಾನೇ ಕೊಂಡ್ಕೊಂಡೆ ಅಣ್ಣ’ ಎಂದು ಆಕೆ ನಗುತ್ತಲೇ ಹೇಳಿದಳು. ಅವನು ನಗಲಿಲ್ಲ. ಸಾಲದ ಮಾತು ನಾನು ಅಲ್ಲಿಗೇ ಬಿಟ್ಟೆ.

ದಾವಣಗೆರೆಯ ಅಂಗಡಿಯಲ್ಲಿ ನನ್ನ ದುಡ್ಡಿಗೆ ಸಿಕ್ಕಿದ್ದು 20 ಸೆಂಟಿನ ಹರಳು. ಒಂದು ಕ್ಯಾರೆಟ್ಟಿಗೆ 100 ಸೆಂಟು, ಐದು ಕ್ಯಾರೆಟ್ಟಿಗೆ ಒಂದು ಗ್ರಾಂ. ಅಂದರೆ ಒಂದು ಗ್ರಾಮಿನ ಇಪ್ಪತ್ತೈದನೇ ಒಂದು ಭಾಗ. ಸಾಸಿವೆಯ ಅಣ್ಣನಂತಿತ್ತು. ನನ್ನ ಮುಖ ನೋಡಿ ಅಂಗಡಿಯವರು ಇನ್ನೊಂದು ತಟ್ಟೆ ತೆಗೆದರು. ‘ಇದು ಲ್ಯಾಬಿಂದು ಸಾರ್. ಅದೇ ರೇಟಿಗೆ ಅರ್ಧ ಕ್ಯಾರೆಟ್.’ ಪೆನ್ನಿನಂಥ ಮೀಟರನ್ನು ಎರಡಕ್ಕೂ ಮುಟ್ಟಿಸಿದರು. ಎರಡಕ್ಕೂ ವಜ್ರವೆಂದೇ ತೋರಿಸಿತು. ತೋರಿಸಲೇಬೇಕು, ಎರಡೂ ಇಂಗಾಲವೇ. ಒಂದು ಭೂಮಿಯ ಆಳದಲ್ಲಿ ಕೋಟ್ಯಂತರ ವರ್ಷ ಕೂತದ್ದು, ಇನ್ನೊಂದು ಯಂತ್ರದೊಳಗೆ ಕೆಲವು ವಾರ. ‘ಯಾರಿಗೂ ಗೊತ್ತಾಗಲ್ಲ ಸಾರ್’ ಎಂದರು. ನನ್ನನ್ನು ಅಲುಗಾಡಿಸಿದ್ದು ಆ ಮಾತು.

ಯಾಕೆಂದರೆ ಹೆಣ್ಣು ನೋಡಲು ಹೋದ ದಿನ ಭಾವಿ ಮಾವನವರು ಅರ್ಧ ಗಂಟೆ ಬೈದದ್ದು ಬರ್ಮಾ ಕಡೆಯಿಂದ ಕದ್ದು ಬರುವ ಅಡಿಕೆಯನ್ನು. ಅಗ್ಗದ ಮಾಲು ತಂದು ಊರಿನದಕ್ಕೆ ಬೆರೆಸಿ ರಾಶಿ ಅಡಿಕೆಯೆಂದು ಮಾರುತ್ತಾರೆ, ಒಪ್ಪ ಮಾಡಿ ಬೆಳೆದವನ ಬೆಲೆ ಬೀಳುತ್ತದೆ ಎಂಬುದು ಅವರ ಸಂಕಟ. ‘ಅದೂ ಅಡಿಕೇನೇ, ಇಲ್ಲ ಅನ್ನಲ್ಲ. ಅದರ ಹೆಸರಲ್ಲೇ ಮಾರಲಿ’ ಎಂದಿದ್ದರು.

ಅದರ ಹೆಸರಲ್ಲೇ. 2023ರಲ್ಲಿ ನಮ್ಮ ಪ್ರಧಾನಿ ಅಮೆರಿಕದ ಅಧ್ಯಕ್ಷರ ಪತ್ನಿಗೆ 7.5 ಕ್ಯಾರೆಟ್ಟಿನ ವಜ್ರ ಕೊಟ್ಟರಲ್ಲ, ಅದೂ ಲ್ಯಾಬಿನದೇ. ಹಾಗೆಂದು ಹೇಳಿಯೇ ಕೊಟ್ಟದ್ದರಿಂದ ಅದರಲ್ಲಿ ಮೋಸವಿರಲಿಲ್ಲ. ಹರಳು ಸುಳ್ಳು ಹೇಳುವುದಿಲ್ಲ, ಹೇಳುವುದಿದ್ದರೆ ನಾನು. ಅದರಲ್ಲೂ ಈ ಉಂಗುರಕ್ಕೆ ಇರುವ ಕೆಲಸವೇ ನನ್ನ ಮಾತಿಗೆ ಸಾಕ್ಷಿಯಾಗಿ ಬೆರಳಲ್ಲಿ ಕೂರುವುದು. ಸಾಕ್ಷಿಯೇ ಹುಸಿಯಾದರೆ?

ಅಂಗಡಿಯಿಂದ ಹೊರಗೆ ಬಂದು ಅವಳಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಹಗುರಾಗಿ ನಕ್ಕಳು. ‘ಲ್ಯಾಬಿಂದೇ ತಗೊಳ್ಳಿ, ಚೆನ್ನಾಗಿ ಕಾಣುತ್ತೆ’ ಎಂದಳು. ಒಂದು ಕ್ಷಣ ಬಿಟ್ಟು, ‘ನಮ್ಮ ಮನೇಲಿ ಮಾತ್ರ ಹೇಳಬೇಡಿ’ ಎಂದಳು.

ಸುಳ್ಳು ಹೋಗಿರಲಿಲ್ಲ, ಜಾಗ ಬದಲಿಸಿತ್ತು ಅಷ್ಟೇ. ವಜ್ರ ಬರೀ ಇಂಗಾಲವೆಂದು ಲಂಡನ್ನಿನಲ್ಲಿ ಸ್ಮಿತ್ಸನ್ ಟೆನಂಟ್ ತೋರಿಸಿಕೊಟ್ಟದ್ದು 1797ರಲ್ಲಿ. ಗೆಳೆಯನನ್ನು ಹುಡುಕಿ ಬಂದ ಕೊಲೆಗಾರನಿಗೂ ಸುಳ್ಳು ಹೇಳಬಾರದೆಂದು ಕಾಂಟ್ ಬರೆದದ್ದೂ ಅದೇ ವರ್ಷ. ಚನ್ನಗಿರಿಯ ನೆಂಟರಿಷ್ಟರನ್ನು ಕಾಂಟ್ ಕಂಡಿರಲಿಲ್ಲ. ನಾನು ಒಂದು ಒಪ್ಪಂದಕ್ಕೆ ಬಂದೆ: ನಾನಾಗಿ ಹೇಳುವುದಿಲ್ಲ, ಕೇಳಿದರೆ ಸುಳ್ಳಾಡುವುದಿಲ್ಲ. ಅವಳು ‘ಯಾರು ಕೇಳ್ತಾರೆ ಬಿಡಿ’ ಎಂದಳು. ಸುಮ್ಮನಿರುವುದಕ್ಕೂ ಸುಳ್ಳಾಡುವುದಕ್ಕೂ ನಡುವೆ ದೊಡ್ಡ ಗೋಡೆಯಿದೆಯೆಂದು ಆಗ ನಂಬಿದ್ದೆ.

ನಿಶ್ಚಯದ ದಿನ ಎಲೆ ಅಡಿಕೆ ಮುಗಿದು ಉಂಗುರ ಹಾಕಿದ್ದಾಯಿತು. ಅವಳ ಸೋದರಮಾವ ಆ ಕೈಯನ್ನು ಬೆಳಕಿಗೆ ಹಿಡಿದು, ಚಪ್ಪರಕ್ಕೆಲ್ಲ ಕೇಳುವಂತೆ, ‘ದಪ್ಪ ಐತಲ್ರೀ, ಎಷ್ಟು ಸೆಂಟಿಂದು?’ ಎಂದರು.

‘ಐವತ್ತು’ ಎಂದೆ. ಅದು ನಿಜವೇ.

‘ಹಂಗಾರೆ ಲಕ್ಷದ ಮ್ಯಾಲೇ ಬಿತ್ತು’ ಎಂದು ಅವರು ಜನರ ಕಡೆ ತಿರುಗಿದರು. ಜನ ತಲೆಯಾಡಿಸಿದರು. ನಿಜವನ್ನೇ ಹೇಳಿ ಇಷ್ಟು ಜನರನ್ನು ಒಂದೇ ಸಲಕ್ಕೆ ಮೋಸ ಮಾಡಬಹುದೆಂದು ನನಗೆ ಗೊತ್ತಿರಲಿಲ್ಲ.

‘ಇಲ್ಲ ಮಾವ, 38 ಸಾವಿರ. ಇದು ಲ್ಯಾಬಲ್ಲಿ ಮಾಡಿದ್ದು.’

ಅವಳ ಅಪ್ಪ ತಲೆಯೆತ್ತಿದರು. ‘ಹಂಗಂತ ಚೀಟಿಯಾಗೆ ಬರೆದು ಕೊಟ್ಟಾರಾ?’ ಕೊಟ್ಟಿದ್ದಾರೆ ಎಂದೆ. ‘ಸರಿ ಬಿಡು ಮತ್ತೆ’ ಎಂದು ಊಟಕ್ಕೆ ಎಲೆ ಹಾಕಲು ಹೇಳಿ ಎದ್ದರು.

ಸಿಟ್ಟಾದದ್ದು ಅವಳು. ಎರಡು ದಿನ ಫೋನ್ ಎತ್ತಲಿಲ್ಲ. ಮೂರನೇ ದಿನ ಅವಳೇ ಮಾಡಿ, ‘ಐವತ್ತು ಅಂದ್ರಲ್ಲ, ಅಲ್ಲಿಗೇ ನಿಲ್ಲಿಸಬಹುದಿತ್ತು. ಅದು ಸುಳ್ಳಾಗಿರಲಿಲ್ಲ. ಅಷ್ಟು ಜನರ ಮುಂದೆ ನನ್ನ ಕೈ ಹಿಡ್ಕೊಂಡಿದ್ರು, ನಿಮ್ಮ ಕೈ ಅಲ್ಲ’ ಎಂದಳು. ಆ ಕಡೆಯಿಂದ ನಾನು ಯೋಚಿಸಿಯೇ ಇರಲಿಲ್ಲ. ಉಂಗುರ ಎಲ್ಲಿದೆ ಎಂದು ಮೆಲ್ಲಗೆ ಕೇಳಿದೆ. ‘ಕೈಯಲ್ಲೇ ಇದೆ, ಪಾತ್ರೆ ತೊಳೀತಾ ಇದೀನಿ’ ಎಂದಳು.