ಮರೆಯಾಗುವುದೂ ಮರೆಮಾಡುವುದೂ

ಸಣ್ಣ ವಸ್ತುಗಳಲ್ಲಿ ದೊಡ್ಡ ಪ್ರಶ್ನೆಗಳು ಅಡಗಿರುವುದುಂಟು. ಗೋಡೆಯ ಮೇಲಣ ವಿದ್ಯುದ್ದೀಪದ ಸ್ವಿಚ್ಚು ಅಂಥದೊಂದು ವಸ್ತು. ಅಮೆರಿಕ ಮೊದಲಾದ ದೇಶಗಳಲ್ಲಿ ಮನೆಗೆ ಬಣ್ಣ ಬಳಿಸುವವರು ಸ್ವಿಚ್ಚನ್ನೂ ಅದನ್ನು ಸುತ್ತುವರಿದ ಪ್ಲೇಟನ್ನೂ ಗೋಡೆಯ ಬಣ್ಣದಿಂದಲೇ ಮುಚ್ಚಿ, ಅದು ಅಲ್ಲಿದೆಯೋ ಇಲ್ಲವೋ ಎನ್ನುವಂತೆ ಮಾಡುವುದುಂಟು. ನಮ್ಮ ಪಟ್ಟಣಗಳ ಹೊಸ ಮನೆಗಳಲ್ಲಿಯೂ ಗೋಡೆಗೆ ಹೊಂದುವ ಪ್ಲೇಟುಗಳನ್ನು ಆರಿಸುವವರು ಇದ್ದಾರೆ. ಇದರಲ್ಲಿ ವಿಚಾರ ಮಾಡತಕ್ಕದ್ದೇನಿದೆ ಎಂದು ವಾಚಕರು ಕೇಳಬಹುದು. ಉಪಯೋಗಕ್ಕೆ ಬರುವುದನ್ನು ಕಣ್ಣಿಗೆ ಬೀಳದಂತೆ ಮಾಡುವುದು ಸರಿಯೇ ಎಂಬುದೇ ಇಲ್ಲಿಯ ಪ್ರಶ್ನೆ. ಅದು ಸ್ವಿಚ್ಚಿನಿಂದ ಹೊರಟು ಮನುಷ್ಯನವರೆಗೂ ಹೋಗುತ್ತದೆ.

ಶಿವನಸಮುದ್ರದ ಜಲಶಕ್ತಿಯಿಂದ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಬೆಳಗಿದುದು 1905ರ ಆಗಸ್ಟ್ 5ರಂದು. ಮುಂದೆ ವಿದ್ಯುತ್ತು ಮನೆಗಳೊಳಗೆ ಬಂದಾಗ ಯಾವ ಸಂಕೋಚವೂ ಇಲ್ಲದೆ ಬಂದಿತು. ಗೋಡೆಯುದ್ದಕ್ಕೂ ತೇಗದ ಪಟ್ಟಿ, ಪಟ್ಟಿಯ ಮೇಲೆ ತಂತಿ, ಮರದ ಹಲಗೆಯ ಮೇಲೆ ಕಪ್ಪು ಬೇಕಲೈಟಿನ ದುಂಡನೆಯ ಸ್ವಿಚ್ಚು. ಸುಣ್ಣದ ಬಿಳುಪಿನ ಮೇಲೆ ಆ ಕಪ್ಪು ಮುಸ್ಸಂಜೆಯಲ್ಲಿಯೂ ಎದ್ದು ಕಾಣುತ್ತಿತ್ತು. ಹಬ್ಬಕ್ಕೆ ಸುಣ್ಣ ಬಳಿಯುವಾಗ ಕುಂಚ ತಗುಲಿ ಅದರ ಮೇಲೆ ಬಿಳಿಯ ಕಲೆ ಬಿದ್ದರೆ ಒರೆಸಿ ಮತ್ತೆ ಕಪ್ಪಾಗಿಸುತ್ತಿದ್ದರು. ಕಾಲಕ್ರಮದಲ್ಲಿ ತಂತಿಗಳು ಗೋಡೆಯೊಳಗಿನ ಕೊಳವೆಗಳನ್ನು ಸೇರಿದುವು. ಹೊರಗೆ ಉಳಿದುದು ಸ್ವಿಚ್ಚೊಂದೇ. ಈಗ ಅದೂ ಕಾಣಬಾರದೆಂಬ ಅಪೇಕ್ಷೆ ಹುಟ್ಟಿದೆ.

ಈ ಅಪೇಕ್ಷೆಯನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ಗೋಡೆ ಒಂದೇ ವಿಸ್ತಾರವಾಗಿದ್ದರೆ ಕಣ್ಣಿಗೆ ವಿಶ್ರಾಂತಿ ದೊರೆಯುವುದು ನಿಜ. ಕಾಣದೆ ದುಡಿಯುವುದನ್ನು ನಮ್ಮವರು ಬಹುಕಾಲದಿಂದ ಗುಣವೆಂದೇ ಎಣಿಸಿದ್ದಾರೆ. ಒಳ್ಳೆಯವನನ್ನು ಎಲೆಮರೆಯ ಕಾಯಿ ಎಂದು ಹೊಗಳುತ್ತೇವೆ. ಅಡಿಪಾಯದ ಕಲ್ಲನ್ನು ಯಾರೂ ಅಂಗಳದಲ್ಲಿಟ್ಟು ಮೆರೆಸುವುದಿಲ್ಲ. ಹಾಗಾದರೆ ಸ್ವಿಚ್ಚು ಗೋಡೆಯಲ್ಲಿ ಲೀನವಾದರೆ ತಪ್ಪೇನು?

ಅದು ಸುಳ್ಳು ಎಂಬುದು ಮೊದಲು ಹೊಳೆಯುವ ಉತ್ತರ. ರಸ್ಕಿನ್ನನು 1849ರಲ್ಲಿ ಪ್ರಕಟಿಸಿದ ವಾಸ್ತುವಿಚಾರದ ಗ್ರಂಥದಲ್ಲಿ, ಒಂದು ಪದಾರ್ಥವನ್ನು ಬಣ್ಣದಿಂದ ಇನ್ನೊಂದರಂತೆ ತೋರಿಸುವುದನ್ನು ವಂಚನೆಗಳ ಸಾಲಿಗೆ ಸೇರಿಸಿದನು. ಮರವನ್ನು ಅಮೃತಶಿಲೆಯೆನಿಸುವುದು ಅವನಿಗೆ ಸಹ್ಯವಾಗಲಿಲ್ಲ. ವಿಯೆನ್ನಾದ ವಾಸ್ತುಶಿಲ್ಪಿ ಆಡೋಲ್ಫ್ ಲೂಸ್ 1898ರಲ್ಲಿ ಇನ್ನೂ ಬಿಗಿಯಾದ ನಿಯಮವನ್ನು ಹೇಳಿ, ಮರಕ್ಕೆ ಮರದಂತೆಯೇ ತೋರುವ ಬಣ್ಣ ಬಳಿಯುವುದನ್ನು ಕೂಡ ನಿಷೇಧಿಸಿದನು. ಆದರೆ ಬಣ್ಣ ಬಳಿದ ಸ್ವಿಚ್ಚು ತಾನು ಬೆಲೆಬಾಳುವ ಮತ್ತೊಂದು ವಸ್ತುವೆಂದು ನಟಿಸುವುದಿಲ್ಲ. ತನ್ನ ಇರವನ್ನು ಸಾರದೆ ಸುಮ್ಮನಿರುತ್ತದೆ, ಅಷ್ಟೇ. ಮೌನವನ್ನೆಲ್ಲ ಸುಳ್ಳೆನ್ನಲಾಗದು. ಆದುದರಿಂದ ದೋಷವಿದ್ದರೆ ಅದನ್ನು ಬೇರೆಡೆಯಲ್ಲಿ ಅರಸಬೇಕು.

ಸ್ವಿಚ್ಚನ್ನು ನೋಡುವವನು ಒಬ್ಬ, ಬಳಸುವವನು ಇನ್ನೊಬ್ಬ. ಹಗಲಿನಲ್ಲಿ ಕುರ್ಚಿಯ ಮೇಲೆ ಕುಳಿತು ಗೋಡೆಯ ಅಂದವನ್ನು ಸವಿಯುವವನಿಗೆ ಸ್ವಿಚ್ಚು ಕಾಣದಿರುವುದೇ ಸುಖ. ಕತ್ತಲಾಗುತ್ತ ಬಂದಾಗ ಅಪರಿಚಿತ ಮನೆಯಲ್ಲಿ ಕೈಚಾಚುವ ಅತಿಥಿಗೆ, ಕಣ್ಣಿಗೆ ಪೊರೆ ಬಂದ ಮುದುಕಿಗೆ, ಅದು ಕಾಣುವುದೇ ಸುಖ. ಮುಪ್ಪಿನ ಕಣ್ಣು ಬಣ್ಣಬಣ್ಣಗಳ ನಡುವಣ ಸಣ್ಣ ಅಂತರವನ್ನು ಹಿಡಿಯಲಾರದು. ಈ ಕಾರಣದಿಂದಲೇ ಇಂಗ್ಲೆಂಡಿನಲ್ಲಿ 2004ರಿಂದ ಜಾರಿಗೆ ಬಂದ ಕಟ್ಟಡ ನಿಯಮಗಳ ಮಾರ್ಗಸೂಚಿಯು ಸಾರ್ವಜನಿಕ ಕಟ್ಟಡಗಳಲ್ಲಿ ಸ್ವಿಚ್ಚಿನ ಪ್ಲೇಟು ಗೋಡೆಗಿಂತ ಭಿನ್ನವಾಗಿ ಕಾಣುವಂತಿರಬೇಕೆಂದು ಹೇಳಿತು. ಗೋಡೆಯೊಳಗಣ ತಂತಿಗಳನ್ನಾದರೂ ನೋಡಿರಿ. ನಮ್ಮ ದೇಶದ ರೂಢಿಯಲ್ಲಿ ವಿದ್ಯುತ್ತನ್ನು ತರುವ ತಂತಿಗೆ ಕೆಂಪು, ಹಳದಿ ಅಥವಾ ನೀಲಿ, ಮರಳುವ ತಂತಿಗೆ ಕಪ್ಪು, ನೆಲಕ್ಕೆ ಸೇರುವ ತಂತಿಗೆ ಹಸಿರು. ಯಾರ ಕಣ್ಣಿಗೂ ಬೀಳದ ಕಡೆ ಇಷ್ಟೊಂದು ಬಣ್ಣಗಳೇಕೆ? ದುರಸ್ತಿಗೆ ಬಂದ ಕೆಲಸಗಾರನ ಪ್ರಾಣ ಆ ಭೇದವನ್ನು ನಂಬಿಕೊಂಡಿದೆ.

ವಸ್ತುವೂ ತನ್ನ ಮಟ್ಟಿಗೆ ಪ್ರತಿಭಟಿಸುತ್ತದೆ. ನುಣುಪಾದ ಪ್ಲಾಸ್ಟಿಕ್ಕಿಗೆ ಗೋಡೆಯ ಬಣ್ಣ ಸುಲಭವಾಗಿ ಹಿಡಿಯುವುದಿಲ್ಲ. ಉಪ್ಪುಕಾಗದದಿಂದ ಉಜ್ಜಿ, ಪ್ರೈಮರು ಬಳಿದು, ಆಮೇಲೆ ತೆಳ್ಳಗೆ ಹಚ್ಚಬೇಕು. ಬಣ್ಣ ದಪ್ಪವಾಗಿ ಸಂದಿಯಲ್ಲಿ ಇಳಿದರೆ ಸ್ವಿಚ್ಚು ಕಚ್ಚಿಕೊಳ್ಳುತ್ತದೆ. ಪ್ಲಗ್ಗಿನ ತೂತುಗಳೊಳಗೆ ಹೊಕ್ಕರೆ ಅಪಾಯವೂ ಉಂಟು. ಇಷ್ಟೆಲ್ಲ ಎಚ್ಚರ ವಹಿಸಿದರೂ ಬೆರಳು ತಾಗುವ ಜಾಗದಲ್ಲಿ ಬಣ್ಣ ದಿನದಿನಕ್ಕೆ ಸವೆದು ಒಳಗಿನದು ಇಣುಕುತ್ತದೆ.

ಕಣ್ಣಿನ ಸುಖಕ್ಕಾಗಿ ಉಪಕರಣವನ್ನು ಮರೆಮಾಡುವ ಈ ಬುದ್ಧಿ ವಸ್ತುಗಳಲ್ಲಿಯೇ ನಿಂತಿದ್ದರೆ ನಾವು ಇಷ್ಟು ಬರೆಯುತ್ತಿರಲಿಲ್ಲ. ಅದು ನಿಲ್ಲಲಿಲ್ಲವೆಂಬುದಕ್ಕೆ ಚರಿತ್ರೆ ಸಾಕ್ಷಿ. 1776ರಲ್ಲಿ ಮಾನವಸಮಾನತೆಯನ್ನು ಸಾರಿದ ಘೋಷಣೆಯನ್ನು ರಚಿಸಿದ ಥಾಮಸ್ ಜೆಫರ್‌ಸನ್ನನ ಮನೆ ವರ್ಜೀನಿಯದ ಮಾಂಟಿಸೆಲ್ಲೊದಲ್ಲಿ ಇಂದಿಗೂ ಇದೆ. ಅದರ ಊಟದ ಕೋಣೆಯಲ್ಲಿ ಅಗ್ಗಿಷ್ಟಿಕೆಯ ಪಕ್ಕಗಳಲ್ಲಿ ಅಡಗಿಸಿದ ಪುಟ್ಟ ಏರುಪೆಟ್ಟಿಗೆಗಳು ನೆಲಮಾಳಿಗೆಯಿಂದ ದ್ರಾಕ್ಷಾರಸವನ್ನು ಮೇಲೆ ತರುತ್ತಿದ್ದುವು. ಅಡುಗೆಯ ತಟ್ಟೆಗಳು ಹಲಗೆಗಳುಳ್ಳ ತಿರುಗುಬಾಗಿಲಿನ ಮೇಲೆ ಬರುತ್ತಿದ್ದುವು. ತನ್ನ ಜೀವಮಾನದಲ್ಲಿ ಆರುನೂರಕ್ಕೂ ಹೆಚ್ಚು ಮಂದಿ ಗುಲಾಮರ ಒಡೆಯನಾಗಿದ್ದವನ ಪಂಕ್ತಿಯಲ್ಲಿ ದುಡಿಯುವ ಕೈಗಳು ಆದಷ್ಟು ಕಾಣದಂತೆ ಈ ಏರ್ಪಾಡು. ನಾವೂ ನಗುವಂತಿಲ್ಲ. ನಮ್ಮ ಪಟ್ಟಣಗಳಲ್ಲಿ ಮನೆಗಳ ಹಿಂದೆ ಓಣಿಗಳನ್ನು ಬಿಟ್ಟು, ಮಲ ಹೊರುವವರು ಆ ದಾರಿಯಿಂದಲೇ ಬಂದು ಹೋಗಬೇಕೆಂದು ಕಟ್ಟುಮಾಡಿದ್ದವರು ನಾವೇ. ಆ ಕೆಲಸವನ್ನು ನಿಷೇಧಿಸುವ ಕೇಂದ್ರದ ಕಾಯಿದೆ ಬಂದುದು 1993ರಲ್ಲಿ. ಅದೂ ಸಾಲದೆ 2013ರಲ್ಲಿ ಮತ್ತೊಂದನ್ನು ಮಾಡಬೇಕಾಯಿತು.

ಇಲ್ಲಿ ಒಂದು ಭೇದವನ್ನು ಗುರುತಿಸದೆ ವಿಧಿಯಿಲ್ಲ. ಎಲೆಮರೆಯ ಕಾಯಿ ತಾನಾಗಿ ಮರೆಯಲ್ಲಿರುತ್ತದೆ, ಅದು ವಿನಯ. ಒಬ್ಬನನ್ನು ಇನ್ನೊಬ್ಬನು ಮರೆಗೆ ದೂಡಿದರೆ ಅದು ಅವಜ್ಞೆ. ಗಾಯಕನ ಹಿಂದೆ ಕುಳಿತು ತಂಬೂರಿ ಮೀಟುವವನು ತನ್ನನ್ನು ಮೆರೆಸಿಕೊಳ್ಳುವುದಿಲ್ಲ. ಆದರೆ ಅವನು ಕುಳಿತಿರುವುದು ಅದೇ ವೇದಿಕೆಯ ಮೇಲೆ, ಸಭೆಯ ಕಣ್ಣೆದುರಿಗೆ.

ಸ್ವಿಚ್ಚಿಗೆ ಮಾನಾಪಮಾನಗಳಿಲ್ಲ. ಆದುದರಿಂದ ಅದನ್ನು ಕುರಿತು ಒಂದೇ ಪ್ರಶ್ನೆ ಸಾಕು: ಬೇಕಾದವನಿಗೆ ಬೇಕಾದ ಹೊತ್ತಿನಲ್ಲಿ ಅದು ಸಿಕ್ಕುವುದೇ? ಸಿಕ್ಕುವಂತಿದ್ದರೆ ಪ್ಲೇಟಿಗೆ ಬಣ್ಣ ಬಳಿಯಿರಿ. ಬೆರಳು ತಾಗುವ ಸ್ವಿಚ್ಚನ್ನು ಅದರ ಬಣ್ಣದಲ್ಲಿಯೇ ಬಿಡಿರಿ. ಅದರಿಂದ ಅಂದವೂ ಕೆಡದು, ಮುದುಕಿಯೂ ತಡಕಾಡಬೇಕಾಗದು. ಆದರೆ ಉಪಯುಕ್ತವಾದುದೆಲ್ಲ ಕುರೂಪವೆಂದು ಕಣ್ಣನ್ನು ಪಳಗಿಸಿಕೊಳ್ಳುವುದು ಬೇಡ. ಹಾಗೆ ಪಳಗಿದ ಕಣ್ಣಿಗೆ ನೀರು ತಂದವರೂ ಅಂಗಳ ಗುಡಿಸಿದವರೂ ಗೋಡೆಯ ಬಣ್ಣದವರಾಗಿಯೇ ತೋರುತ್ತಾರೆ. ಆಗ ನಾವು ಕೇಳಬೇಕಾದ ಎರಡನೆಯ ಪ್ರಶ್ನೆ, ಇವರನ್ನು ಮರೆಗೆ ನಿಲ್ಲಿಸಿದವರು ಯಾರು ಎಂಬುದು, ನಮಗೆ ಹೊಳೆಯುವುದೇ ಇಲ್ಲ.