ಕಿವಿಗೂ ಕಲಿಕೆ ಬೇಕು

ಮದ್ದು ಕೊಡಲು ಓದು ಬೇಕು, ರೋಗಿಯ ಮಾತು ಕೇಳುವುದು ಮಾತ್ರ ಅವರವರ ಹುಟ್ಟುಗುಣ ಎಂದು ನಾವೆಲ್ಲ ನಂಬಿಕೊಂಡಿದ್ದೇವೆ. ಕೇಳುವ ವೈದ್ಯರು ಸಿಕ್ಕಿದರೆ ನಮ್ಮ ಪುಣ್ಯ, ಸಿಗದಿದ್ದರೆ ಹಣೆಬರಹ. ಆದರೆ ಕೇಳುವುದೂ ಕಲಿಯಬಹುದಾದ ವಿದ್ಯೆಯಾಗಿದ್ದರೆ, ಅದನ್ನು ಕಲಿಯದಿರುವುದು ಕರ್ತವ್ಯಲೋಪವಾಗುವುದಿಲ್ಲವೆ?

ಮನಸ್ಸಿನ ನೋವು ಹೊತ್ತವರು ಸಾಮಾನ್ಯವಾಗಿ ಮೊದಲು ಹೋಗುವುದು ಊರಿನ ಕುಟುಂಬ ವೈದ್ಯರಲ್ಲಿಗೆ. ತಲೆನೋವು, ನಿದ್ದೆಗೇಡು, ಎದೆಬಡಿತ ಎಂದು ದೇಹದ ಹೆಸರಿನಲ್ಲೇ ಆ ನೋವು ಬರುತ್ತದೆ. ರಕ್ತಪರೀಕ್ಷೆ, ಇ.ಸಿ.ಜಿ. ಸರಿಯಿದ್ದರೆ 'ನಿಮಗೇನೂ ಇಲ್ಲ' ಎಂಬ ಉತ್ತರ. ನೋವು ಮಾತ್ರ ರೋಗಿಯೊಡನೆ ಮನೆಗೆ ಮರಳುತ್ತದೆ.

ಬುಡಾಪೆಸ್ಟಿನಲ್ಲಿ ಹುಟ್ಟಿದ ಮನೋವಿಶ್ಲೇಷಕ ಮೈಕೆಲ್ ಬಾಲಿಂಟ್ 1950ರ ದಶಕದಲ್ಲಿ ಲಂಡನ್ನಿನ ಟ್ಯಾವಿಸ್ಟಾಕ್ ಕ್ಲಿನಿಕ್ಕಿನಲ್ಲಿ ಸಾಮಾನ್ಯ ವೈದ್ಯರನ್ನು ವಾರವಾರ ಕೂಡಿಸುತ್ತಿದ್ದರು. ಒಬ್ಬರು ತಮ್ಮನ್ನು ಕಾಡಿದ ರೋಗಿಯ ವಿಷಯ ಹೇಳುವರು. ತಾವು ಏನನ್ನು ಕೇಳಿಸಿಕೊಳ್ಳಲಿಲ್ಲ ಎಂಬುದನ್ನು ಎಲ್ಲರೂ ಕೂಡಿ ಹುಡುಕುವರು. ವೈದ್ಯನೇ ಒಂದು ಮದ್ದು, ಆ ಮದ್ದಿನ ಪ್ರಮಾಣವನ್ನು ಯಾರೂ ಬರೆದಿಟ್ಟಿಲ್ಲ ಎಂಬುದು 1957ರ ಅವರ ಗ್ರಂಥದ ಒಂದು ಮುಖ್ಯ ವಿಚಾರ. ನಮ್ಮ ದೇಶದಲ್ಲಿಯೂ 1980ರ ದಶಕದಲ್ಲಿ ನಿಮ್ಹಾನ್ಸ್ ಸಂಸ್ಥೆ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ತರಬೇತಿ ಕೊಟ್ಟಿತು. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು.

ಕರುಣೆಯನ್ನು ಕಲಿಸಲಾದೀತೆ ಎಂದು ಕೇಳಬಹುದು. ಆಗದಿರಬಹುದು. ಆದರೆ ನಡುವೆ ಬಾಯಿ ಹಾಕದೆ ಕಾಯುವುದನ್ನು, ಸಾಯಬೇಕೆನಿಸಿದೆಯೆ ಎಂದು ಅಳುಕದೆ ವಿಚಾರಿಸುವುದನ್ನು, ತಜ್ಞರಲ್ಲಿಗೆ ಯಾವಾಗ ಕಳುಹಿಸಬೇಕೆಂಬುದನ್ನು ಕಲಿಸಬಹುದು. ಬರಿಯ ಕರುಣೆಯಿದ್ದವರು ಕೆಲವೊಮ್ಮೆ ಅವಸರದಲ್ಲಿ ಸಮಾಧಾನ ಹೇಳಿ ರೋಗಿಯ ಬಾಯಿ ಮುಚ್ಚಿಸಿಬಿಡುತ್ತಾರೆ.

ಕಾಸರಗೋಡಿನಂಥ ಹಲವು ಭಾಷೆಗಳ ನಾಡಿನಲ್ಲಿ ಈ ಕಲಿಕೆಗೆ ಇನ್ನೊಂದು ಪಾಠ ಸೇರಬೇಕು. ನಮ್ಮ ಕಡೆಯ ಅಜ್ಜಿಯೊಬ್ಬರು 'ಮಂಡೆಬೆಚ್ಚ' ಎಂದರೆ ಅದು ಚಿಂತೆಯ ಹೆಸರು. ಅಕ್ಷರಶಃ ಮಲಯಾಳಕ್ಕೆ ತಂದರೆ ಜ್ವರ ನೋಡಲು ಥರ್ಮಾಮೀಟರು ಹೊರಬರುತ್ತದೆ. ಭಾಷಾಂತರಕ್ಕೆ ಜೊತೆಗೆ ಬಂದವನು ಮಗನೇ ಆಗಿದ್ದು, ಅಜ್ಜಿಯ ದುಃಖಕ್ಕೆ ಕಾರಣವೂ ಅವನೇ ಆಗಿದ್ದರೆ? ವೈದ್ಯರು ಎಲ್ಲ ಭಾಷೆಗಳನ್ನೂ ಕಲಿಯಬೇಕೆಂದಿಲ್ಲ. 'ಇದಕ್ಕೆ ನಿಮ್ಮ ಮನೆಮಾತಿನಲ್ಲಿ ಏನನ್ನುತ್ತೀರಿ?' ಎಂದು ಕೇಳಲು, ಮಗನನ್ನು ತುಸು ಹೊರಗೆ ಕೂರಿಸಿ ಆ ಭಾಷೆ ಬಲ್ಲ ನರ್ಸನ್ನು ಕರೆಯಲು ಕಲಿತರೆ ಸಾಕು.

ಇಷ್ಟನ್ನು ಬಯಸುವಾಗ ನಾವು ವೈದ್ಯರಿಂದ ದಯೆ ಬೇಡುತ್ತಿಲ್ಲ. ಸೂಜಿ ಚುಚ್ಚುವುದನ್ನು ಕಲಿತೇ ಬರಲಿ ಎಂದು ಬಯಸುವ ರೋಗಿಗೆ, ಕೇಳುವುದನ್ನೂ ಕಲಿತು ಬರಲಿ ಎನ್ನುವ ಹಕ್ಕಿದೆ.