ಆಯಿಯ ಗುಳಿಗೆ ಚೀಲ



ಸಿರಾಖನ ಗ್ರಂಥದ 38ನೆಯ ಅಧ್ಯಾಯವನ್ನು ನಾವು ದೇವಾಲಯದಲ್ಲಿ ಕೇಳುವುದು ಅಪರೂಪ. ಮನೆಯಲ್ಲಾದರೂ ಒಮ್ಮೆ ತೆರೆದು ಓದಿರಿ. ವೈದ್ಯನನ್ನು ಗೌರವಿಸಬೇಕೆಂದು ಆ ಜ್ಞಾನಿ ಅಲ್ಲಿ ಬೋಧಿಸುತ್ತಾನೆ. ಭೂಮಿಯಿಂದ ಔಷಧಗಳನ್ನು ಬರಮಾಡಿದವರು ದೇವರೇ ಎನ್ನುತ್ತಾನೆ. ಅವುಗಳನ್ನು ಬೆರೆಸಿ ಸಿದ್ಧಪಡಿಸುವವನನ್ನೂ ಅವನು ಮರೆಯುವುದಿಲ್ಲ. ಪ್ರಾರ್ಥನೆಯೂ ಬೇಕು, ಔಷಧವೂ ಬೇಕು. ಒಂದನ್ನು ಹಿಡಿದು ಇನ್ನೊಂದನ್ನು ಬಿಡಬಾರದು ಎಂಬುದೇ ಅವನ ಉಪದೇಶದ ಸಾರ. ಈ ಮಾತಿನ ಅರ್ಥ ನನಗೆ ತಿಳಿದದ್ದು ಸೆಮಿನರಿಯಲ್ಲಲ್ಲ, ಚಿಂಚಲಿಯ ಒಂದು ಮನೆಯ ಕಟ್ಟೆಯ ಮೇಲೆ.

ರಾಯಬಾಗ ತಾಲೂಕಿನ ಚಿಂಚಲಿ ಎಂದರೆ ನಿಮಗೆ ಮಾಯಕ್ಕ ದೇವಿಯ ಜಾತ್ರೆ ನೆನಪಾಗುತ್ತದೆ. ಮಹಾರಾಷ್ಟ್ರದಿಂದಲೂ ಚಕ್ಕಡಿ ಕಟ್ಟಿಕೊಂಡು ಜನ ಬರುವ ಊರು ಅದು. ಜಾತ್ರೆಗೆ ಆ ಕಡೆಯವರು ಇಲ್ಲಿಗೆ ಬಂದರೆ, ಕಾಯಿಲೆಗೆ ಈ ಕಡೆಯವರು ರೈಲು ಹತ್ತಿ ಮಿರಜಕ್ಕೆ ಹೋಗುತ್ತಾರೆ. ಡಾ. ವಾನ್ಲೆಸ್ ಅವರು 1894ರಲ್ಲಿ ಅಲ್ಲಿ ಮಿಷನ್ ಆಸ್ಪತ್ರೆ ತೆರೆದ ಕಾಲದಿಂದ ಮಿರಜ ಎಂದರೆ ದವಾಖಾನೆಗಳ ಊರೆಂದೇ ಹೆಸರು.

ಚಿಂಚಲಿಯ ಹುಡುಗಿಯೊಬ್ಬಳು ಬೆಳಗಾವಿಯಲ್ಲಿ ಎಂ.ಫಾರ್ಮ್ ಓದುತ್ತಿದ್ದಾಳೆ. ಅವಳ ವಿಷಯ ಫಾರ್ಮಕಾಲಜಿ, ಅಂದರೆ ಔಷಧವು ದೇಹದಲ್ಲಿ ಏನು ಮಾಡುತ್ತದೆ, ದೇಹವು ಔಷಧವನ್ನು ಏನು ಮಾಡುತ್ತದೆ ಎಂಬ ಶಾಸ್ತ್ರ. ನುಂಗಿದ ಗುಳಿಗೆ ರಕ್ತ ಸೇರುವುದು, ಅಂಗಾಂಗಗಳಿಗೆ ಹರಡುವುದು, ಯಕೃತ್ತಿನಲ್ಲಿ ಒಡೆಯುವುದು, ಮೂತ್ರಪಿಂಡದ ಮೂಲಕ ಹೊರಬೀಳುವುದು - ಈ ನಾಲ್ಕು ಹೆಜ್ಜೆಗಳನ್ನು ಅವಳು ನಿದ್ದೆಯಲ್ಲೂ ಹೇಳಬಲ್ಲಳು. ಸೆಮಿನಾರು, ಜರ್ನಲ್ಲು, ಇಂಟರ್ನಲ್ಲು ಎಂದು ವಾರವೆಲ್ಲ ಬಿಡುವಿಲ್ಲ. ಆದರೂ ಭಾನುವಾರ ಬಲಿಪೂಜೆ ಮುಗಿಸಿ ಒಂದು ಆಸ್ಪತ್ರೆಗೆ ಸ್ವಯಂಸೇವೆಗೆ ಹೋಗುತ್ತಾಳೆ. ಗಾಲಿಕುರ್ಚಿ ತಳ್ಳುವುದು, ಕೇಸ್ ಪೇಪರ್ ತರುವುದು, ಓದು ಬಾರದವರಿಗೆ ಚೀಟಿ ಓದಿ ಹೇಳುವುದು ಅವಳ ಕೆಲಸ. ಮುಂದಿನದನ್ನು ಅವಳ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.

ಅವಳ ಮನೆಯ ಪಕ್ಕದಲ್ಲಿ ವಯಸ್ಸಾದ ಆಯಿಯೊಬ್ಬರಿದ್ದಾರೆ, ಮಾಯಕ್ಕನ ಭಕ್ತೆ. ಸಕ್ಕರೆ ಕಾಯಿಲೆ ಬಂದು ಬಹಳ ವರ್ಷವಾಯಿತು. ರಜೆಗೆ ಬಂದ ಹುಡುಗಿಯನ್ನು ಕರೆದು ಆಯಿ, "ಯವ್ವಾ, ಎದಿ ಢವಢವ ಅಂತೈತಿ, ಕೈ ನಡಗತಾವು, ಬೆವರ ಬರತೈತಿ, ಇದೇನ ನೋಡವಾ" ಎಂದರಂತೆ. "ಪರೀಕ್ಷಾ ಐತಿ ಆಯಿ, ಆಮ್ಯಾಲ ಬರ್ತೀನಿ" ಎಂದು ಹುಡುಗಿ ಒಳಗೆ ಹೋದಳು. ಒಳಗೆ ಅವಳು ಓದುತ್ತಿದ್ದ ಪಾಠ ಯಾವುದು ಗೊತ್ತೇ? ಸಕ್ಕರೆ ಕಾಯಿಲೆಯ ಔಷಧಗಳು! ಪರೀಕ್ಷೆಯಲ್ಲಿ ಅದೇ ಪ್ರಶ್ನೆ ಬಂದು ಒಳ್ಳೆಯ ಅಂಕವೂ ಬಂತು.

ಕೆಲವು ವಾರಗಳ ನಂತರ, ಒಂದು ಭಾನುವಾರ ಆಸ್ಪತ್ರೆಗೆ ಎಚ್ಚರವಿಲ್ಲದ ರೈತನೊಬ್ಬನನ್ನು ತಂದರು. ರಕ್ತದಲ್ಲಿ ಸಕ್ಕರೆ ತೀರಾ ಇಳಿದಿತ್ತು. "ಮನೆಯಲ್ಲಿರುವ ಗುಳಿಗೆಗಳನ್ನೆಲ್ಲ ತನ್ನಿ" ಎಂದರು ವೈದ್ಯರು. ಮಗ ತಂದ ಕೈಚೀಲದಲ್ಲಿ ಎರಡು ಪಟ್ಟಿಗಳಿದ್ದವು. ಕಂಪನಿ ಬೇರೆ, ಬಣ್ಣ ಬೇರೆ, ದೊಡ್ಡ ಅಕ್ಷರದ ಹೆಸರು ಬೇರೆ. ಆದರೆ ಕೆಳಗಿನ ಸಣ್ಣ ಅಕ್ಷರ ಎರಡರಲ್ಲೂ ಒಂದೇ: ಗ್ಲಿಮೆಪಿರೈಡ್. ಇಬ್ಬರು ವೈದ್ಯರು, ಒಬ್ಬರಿಗೆ ಇನ್ನೊಬ್ಬರ ಚೀಟಿ ಗೊತ್ತಿಲ್ಲದೆ, ಒಂದೇ ಔಷಧವನ್ನು ಬರೆದಿದ್ದರು. ಗಾಲಿಕುರ್ಚಿ ಹಿಡಿದು ನಿಂತಿದ್ದ ಹುಡುಗಿಗೆ ಆಗ ಆಯಿಯ ಕೈ ನೆನಪಾಯಿತು.

ಕೂಡಲೇ ಮನೆಗೆ ಫೋನು ಮಾಡಿದಳು. "ಆಯಿ ಬೆಳಿಗ್ಗೆಯಿಂದ ಮಂಕಾಗಿ ಕುಂತಾರ, ಮೈಯೆಲ್ಲ ಬೆವತೈತಿ" ಎಂದರು ತಾಯಿ. "ಎಚ್ಚರ ಅದಾರಲ್ಲ? ನುಂಗಾಕ ಬರತೈತೇನ? ಹಂಗಾದ್ರ ಸಕ್ಕರಿ ನೀರು ಕುಡಿಸು. ಗುಳಿಗಿ ಚೀಲ ತಗೊಂಡು ಈಗಲೇ ದವಾಖಾನಿಗೆ ಹೋಗ್ರಿ" ಎಂದಳು. ಸುತ್ತಲೂ ಕಬ್ಬು ಬೆಳೆಯುವ ಸೀಮೆಯಲ್ಲಿ ಅಂದು ಒಂದು ಜೀವ ನಿಂತದ್ದು ಎರಡು ಚಮಚ ಸಕ್ಕರೆಯ ಮೇಲೆ. ಈ ಜಾತಿಯ ಗುಳಿಗೆಯಿಂದ ಇಳಿದ ಸಕ್ಕರೆ ಏರಿದ ಮೇಲೂ ಮತ್ತೆ ಇಳಿಯಬಹುದು. ಆದ್ದರಿಂದ ರಾತ್ರಿಯಿಡೀ ಅಲ್ಲೇ ಇರಿಸಿಕೊಂಡರು. ಆಯಿಯ ಚೀಲದಲ್ಲೂ ಅದೇ ಎರಡು ಪಟ್ಟಿ: ಒಂದು ಮಿರಜದ್ದು, ಒಂದು ಇಲ್ಲಿಯದು. "ಇಬ್ರೂ ದೇವರಂಥಾ ಡಾಕ್ಟರು. ಯಾರ ಗುಳಿಗಿ ಬಿಡ್ಲಿ?" ಎಂದು ಆಯಿ ಕೇಳಿದರಂತೆ.

ಆಯಿ ಗುಣವಾದರು. ಆದರೆ ಹುಡುಗಿ ನನ್ನ ಮುಂದೆ ಅತ್ತಳು. "ಫಾದರ್, ಉತ್ತರ ಪತ್ರಿಕೆಯಲ್ಲಿ ನಡುಕ, ಬೆವರು, ಎದೆ ಬಡಿತ ಎಂದು ನಾನೇ ಬರೆದಿದ್ದೆ. ಆಯಿ ಹೇಳಿದಾಗ ನನಗೆ ಕೇಳಿಸಲೇ ಇಲ್ಲ" ಎಂದಳು. ನಾನು ಅವಳಿಗೆ ಏನು ಸಮಾಧಾನ ಹೇಳಲಿ? ಅದಕ್ಕೂ ಒಂದು ತಿಂಗಳು ಮುಂಚೆ ನಾನೂ ಆ ಕಟ್ಟೆಯ ಮೇಲೆ ಕುಳಿತು ಚಹಾ ಕುಡಿದಿದ್ದೆ. ಆಯಿ ನನಗೂ ನಡುಗುವ ಕೈ ತೋರಿಸಿದ್ದರು. "ವಯಸ್ಸಾಯಿತಲ್ಲ ಆಯಿ, ದೇವರು ಒಳ್ಳೇದು ಮಾಡ್ತಾನೆ" ಎಂದು ಹೇಳಿ ಎದ್ದು ಬಂದಿದ್ದೆ. ಹೆಸರು ಬೇರೆಯಾದರೂ ದ್ರವ್ಯ ಒಂದೇ ಇರಬಹುದೆಂದು ತತ್ವಶಾಸ್ತ್ರದ ತರಗತಿಯಲ್ಲಿ ವರ್ಷಗಟ್ಟಲೆ ಕಲಿತವನು ನಾನು! ಕಿಟಕಿಯಲ್ಲಿದ್ದ ಎರಡು ಪಟ್ಟಿಗಳನ್ನು ಕೈಗೆತ್ತಿಕೊಂಡು ನೋಡಲಿಲ್ಲ.

ಸಂತ ಲೂಕನ ಶುಭಸಂದೇಶದ ಸಮಾರಿಯದವನ ಸಾಮತಿಯಲ್ಲಿ ಗಾಯಾಳುವನ್ನು ನೋಡಿಯೂ ಪಕ್ಕಕ್ಕೆ ಸರಿದು ಹೋದವರು ಅಕ್ಷರ ಬಾರದವರಲ್ಲ. ಒಬ್ಬ ಯಾಜಕ, ಇನ್ನೊಬ್ಬ ಲೇವಿಯ, ಇಬ್ಬರೂ ಓದಿದವರೇ. ನಿಂತವನು ಸಮಾರಿಯದವನು. ಹಾಗೆಂದು ಅವನು ಬರಿಯ ಕನಿಕರ ತೋರಿದನೇ? ಇಲ್ಲ. ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹಚ್ಚಿ ಕಟ್ಟಿದನು. ಅದು ಆ ಕಾಲದ ಔಷಧ. ಕನಿಕರವಿಲ್ಲದ ವಿದ್ಯೆ ದಾಟಿಹೋಗುತ್ತದೆ. ವಿದ್ಯೆಯಿಲ್ಲದ ಕನಿಕರ ಬಳಿಯಲ್ಲಿ ನಿಂತು ಅಳುತ್ತದೆ. ರೋಗಿಗೆ ಎರಡೂ ಬೇಕು.

ಈ ಗುಳಿಗೆಯ ಚರಿತ್ರೆಯೂ ಇದನ್ನೇ ಹೇಳುತ್ತದೆ. 1942ರಲ್ಲಿ ಫ್ರಾನ್ಸಿನ ಮೊಂಪೆಲಿಯೆ ನಗರದಲ್ಲಿ ಡಾ. ಜಾನ್‌ಬೋನ್ ಅವರು ಟೈಫಾಯ್ಡ್ ರೋಗಿಗಳಿಗೆ ಹೊಸ ಸಲ್ಫಾ ಔಷಧವೊಂದನ್ನು ಕೊಡುತ್ತಿದ್ದರು. ಕೆಲವರ ಸಕ್ಕರೆ ಅಪಾಯಕಾರಿಯಾಗಿ ಇಳಿಯಿತು, ಕೆಲವರು ಸತ್ತರು. ಜ್ವರದ ದೋಷವೆಂದು ಅವರು ಅದನ್ನು ಬಿಟ್ಟುಬಿಡಲಿಲ್ಲ, ಗಮನಿಸಿದರು. ಅವರ ಸಹೋದ್ಯೋಗಿ ಲುಬಾತಿಯೇರ್ ಅದರ ಕಾರಣವನ್ನು ಸಂಶೋಧಿಸಿದರು. ಗ್ಲಿಮೆಪಿರೈಡ್ ಸೇರಿದ ಔಷಧಗಳ ಕುಟುಂಬ ಹೊರಟದ್ದು ಅಲ್ಲಿಂದ.

ನಮ್ಮ ನಾಡಿನಲ್ಲೂ ಉದಾಹರಣೆಯಿದೆ. ಮಂಗಳೂರಿಗೆ ಬಂದ ಜರ್ಮನಿಯ ಯೇಸುಸಭೆಯ ಗುರು ಅಗಸ್ಟಸ್ ಮುಲ್ಲರ್ ಅವರು 1880ರಲ್ಲಿ ಕಂಕನಾಡಿಯಲ್ಲಿ ಬಡವರಿಗಾಗಿ ಹೋಮಿಯೋಪಥಿ ಔಷಧಾಲಯ ತೆರೆದರು. 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯ ಕಟ್ಟಿದರು. ಕೈಯಲ್ಲಿದ್ದ ಅಲ್ಪ ವಿದ್ಯೆಯನ್ನೂ ಅವರು ರೋಗಿಯ ಸಾಲವೆಂದು ತಿಳಿದರು. ಅಂದಿನ ಆ ಪುಟ್ಟ ಔಷಧಾಲಯವೇ ಇಂದಿನ ಫಾದರ್ ಮುಲ್ಲರ್ ಆಸ್ಪತ್ರೆಯಾಗಿ ಬೆಳೆದಿದೆ.

ಪ್ರಿಯರೇ, ಜಗದ್ಗುರು ಎರಡನೇ ಜಾನ್ ಪಾಲ್ ಅವರು 1992ರಲ್ಲಿ ಗೊತ್ತುಪಡಿಸಿದ ವಿಶ್ವ ರೋಗಿಗಳ ದಿನವನ್ನು ಪ್ರತಿ ವರ್ಷ ಫೆಬ್ರವರಿ 11ರಂದು ಆಚರಿಸುತ್ತೇವೆ. ಆ ದಿನದವರೆಗೆ ಕಾಯಬೇಡಿ. ಇಂದು ಸಂಜೆ ಜಪಮಾಲೆ ಮುಗಿದ ಮೇಲೆ ಮನೆಯ ಹಿರಿಯರ ಗುಳಿಗೆ ಚೀಲವನ್ನು ಬಿಚ್ಚಿರಿ. ದೊಡ್ಡ ಹೆಸರಿನ ಜೊತೆಯಲ್ಲಿರುವ ಸಣ್ಣ ಅಕ್ಷರವನ್ನೂ ಓದಿರಿ. ಒಂದೇ ಔಷಧ ಎರಡು ಕಡೆ ಕಂಡರೆ ನೀವೇ ನಿಲ್ಲಿಸಬೇಡಿ. ಚೀಲವನ್ನು ಹಾಗೆಯೇ ವೈದ್ಯರ ಬಳಿ ಒಯ್ಯಿರಿ. ಪಕ್ಕದ ಮನೆಯ ಅಜ್ಜಿಗೆ ಮಕ್ಕಳು ದೂರವಿದ್ದರೆ, ಅವರ ಚೀಲವೂ ನಿಮ್ಮದೇ.

ಆ ಹುಡುಗಿ ಈಗಲೂ ಭಾನುವಾರ ಆಸ್ಪತ್ರೆಗೆ ಹೋಗುತ್ತಾಳೆ. ಊರಿಗೆ ಬಂದಾಗ ಮೊದಲು ಆಯಿಯ ಕಟ್ಟೆಯ ಮೇಲೆ ಕೂರುತ್ತಾಳೆ, ಪುಸ್ತಕ ಆಮೇಲೆ. ನಾನೂ ಹೋದಾಗ ಆಯಿಯ ಕೈ ಹಿಡಿದು ನೋಡುತ್ತೇನೆ. ಓದಿದ್ದನ್ನು ಕಾಣುವ ಕಣ್ಣನ್ನೂ, ಕೇಳುವ ಕಿವಿಯನ್ನೂ ಪ್ರಭು ನಮ್ಮೆಲ್ಲರಿಗೂ ದಯಪಾಲಿಸಲಿ. ಆಮೆನ್.